ಮೇ 4ರ ಚೌಕದಲ್ಲಿ ಯಾರ ಹೆಸರು?

ಬೆನ್ಸನ್ ಟೌನಿನ ಹಿರಿಯರೊಬ್ಬರ ಮನೆಗೆ ಬೇಸಿಗೆಯ ಒಂದು ಮಧ್ಯಾಹ್ನ ನಾವು ಹೋಗಿದ್ದೆವು. ಗೋಡೆಯ ಮೇಲೆ ಉರ್ದು ಕ್ಯಾಲೆಂಡರ್. ಪ್ರತಿ ಚೌಕದಲ್ಲೂ ದಪ್ಪಕ್ಷರದಲ್ಲಿ ಇಂಗ್ಲಿಷ್ ತಾರೀಖು, ಮೂಲೆಯಲ್ಲಿ ಹಿಜರಿ ತಾರೀಖು. ಅಂದು ಮೇ 4. ಹೈಸ್ಕೂಲಿನಲ್ಲಿ ಓದುವ ಮೊಮ್ಮಗ ಮೊಬೈಲಿನಿಂದ ತಲೆಯೆತ್ತಿ, "ದಾದಾ, ಇವತ್ತು ಸ್ಟಾರ್ ವಾರ್ಸ್ ಡೇ" ಎಂದ. ಹಿರಿಯರ ಮುಖ ಕಂದಿತು. "ಇವತ್ತು ಸುಲ್ತಾನರು ಶಹೀದರಾದ ದಿನ, ಬೇಟಾ" ಎಂದರು. ಹುಡುಗ ಕುತೂಹಲದಿಂದಲೇ ಕೇಳಿದ: "ಹೌದಾ? ಹೇಗೆ?" ಶ್ರೀರಂಗಪಟ್ಟಣ ಎಂಬ ಹೆಸರಿನಾಚೆಗೆ ಹಿರಿಯರಿಗೆ ಹೇಳಲು ಮಾತು ಸಿಗಲಿಲ್ಲ. ಹುಡುಗ ಮತ್ತೆ ಮೊಬೈಲಿಗೆ ಮರಳಿದ.

ಚಹಾ ಕುಡಿಯುತ್ತ ಹಿರಿಯರು ಇಂದಿನ ಪೀಳಿಗೆಯನ್ನು ಹಳಿದರು. ನಾವು ಸುಮ್ಮನಿದ್ದೆವು. ಆದರೆ ತಪ್ಪು ಹುಡುಗನದೆಂದು ನಮಗೆ ಅನಿಸಲಿಲ್ಲ. ಅವನು ಹೇಳಿದ ದಿನಕ್ಕಾದರೂ ಒಂದು ಕಥೆಯಿತ್ತು. 1977ರಲ್ಲಿ ತೆರೆಕಂಡ ಅಮೆರಿಕದ ಆ ಚಿತ್ರದಲ್ಲಿ ಪಾತ್ರಗಳು ಪರಸ್ಪರ ಹಾರೈಸುವ ಮಾತೊಂದಿದೆ. ಅದರ 'ಫೋರ್ಸ್' ಎಂಬ ಪದವನ್ನು 'ಫೋರ್ತ್' ಎಂದು ತಿರುಚಿದರೆ ಮೇ 4 ಆಗುತ್ತದೆ. ಅಷ್ಟೇ ಸಂಗತಿ, ಬರಿಯ ಶ್ಲೇಷೆ. 1979ರ ಮೇ 4ರಂದು ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯಾದಾಗ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದೇ ಶ್ಲೇಷೆಯ ಅಭಿನಂದನಾ ಜಾಹೀರಾತು ಬಂದಿತ್ತು. ಅದೇ ದಿನ ಅಂತಾರಾಷ್ಟ್ರೀಯ ಅಗ್ನಿಶಾಮಕರ ದಿನವೂ ಹೌದು. 1998ರಲ್ಲಿ ಆಸ್ಟ್ರೇಲಿಯದ ಲಿಂಟನ್‌ನಲ್ಲಿ ಕಾಳ್ಗಿಚ್ಚಿಗೆ ಐವರು ಸಿಬ್ಬಂದಿ ಬಲಿಯಾದ ಬಳಿಕ ಅದು ಆರಂಭವಾಯಿತು. ಚೀನಾದಲ್ಲಿ 1919ರ ವಿದ್ಯಾರ್ಥಿ ಚಳವಳಿಯ ಸ್ಮರಣೆಗೆ ಅದೇ ದಿನ ಯುವಜನರ ದಿನ. ಒಂದೇ ಚೌಕದಲ್ಲಿ ಇಷ್ಟೊಂದು ಮಂದಿಗೆ ಸ್ಥಳವಿದೆ. ಯಾರೂ ಯಾರನ್ನೂ ಹೊರದೂಡಿಲ್ಲ.

ಹಾಗಾದರೆ ನಮ್ಮ ಪಾಲಿನ ಕಥೆಯೇನು? 1799ರ ಮೇ 4, ಶನಿವಾರ. ಮಧ್ಯಾಹ್ನದ ಬಿಸಿಲಿನಲ್ಲಿ ಇಂಗ್ಲಿಷರ ಸೇನೆ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಒಡೆದ ಕೋಟೆಗೋಡೆಯನ್ನು ಏರಿತು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಹಿಂದೊಮ್ಮೆ ಅದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ರಾತ್ರಿ ಶವಗಳ ರಾಶಿಯ ನಡುವೆ ಸುಲ್ತಾನರ ದೇಹ ದೊರೆಯಿತು. ಗೆದ್ದ ಸೇನೆಯನ್ನು ಆ ದ್ವೀಪದ ಜ್ವರ ಬಿಡಲಿಲ್ಲ. 1809ರಲ್ಲಿ ಅದು ಬೆಂಗಳೂರಿನ ಹಲಸೂರಿನ ಬಳಿಗೆ ಸ್ಥಳಾಂತರಗೊಂಡಿತು. ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಶಿವಾಜಿನಗರ, ಫ್ರೇಜರ್ ಟೌನ್, ಬೆನ್ಸನ್ ಟೌನ್ ಎಲ್ಲವೂ ಬೆಳೆದದ್ದು ಆ ದಂಡಿನ ನೆರಳಿನಲ್ಲಿ. ಖುದ್ದೂಸ್ ಸಾಹೇಬರ ಈದ್ಗಾಹ್‌ನಲ್ಲಿ ಈದ್ ನಮಾಜ್ ಮುಗಿಸಿ ಮಿಲ್ಲರ್ಸ್ ರಸ್ತೆಯಲ್ಲಿ ಮನೆಗೆ ನಡೆಯುವ ಹುಡುಗನ ಕಾಲಡಿಯ ನೆಲದ ಚರಿತ್ರೆಯೂ ಆ ಶನಿವಾರಕ್ಕೆ ತಳಕು ಹಾಕಿಕೊಂಡಿದೆ. ಇದನ್ನು ಅವನಿಗೆ ಯಾರಾದರೂ ಹೇಳಿದ್ದಾರೆಯೇ?

ನಾವು ಹೇಳಿಲ್ಲ. ನಾವು ಮಾಡಿದ್ದು ಬೇರೆ. 2015ರಲ್ಲಿ ರಾಜ್ಯ ಸರಕಾರ ನವೆಂಬರ್ 10ರಂದು ಟಿಪ್ಪು ಜಯಂತಿ ಆಚರಿಸಿದಾಗ ಬ್ಯಾನರ್ ಕಟ್ಟಿದೆವು, ಮೆರವಣಿಗೆ ಹೊರಟೆವು. ಹೆಚ್ಚಿನ ಇತಿಹಾಸ ಗ್ರಂಥಗಳು ಜನ್ಮದಿನ 1750ರ ನವೆಂಬರ್ 20 ಎನ್ನುತ್ತವೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಮಡಿಕೇರಿಯಲ್ಲಿ ಘರ್ಷಣೆಯಾಗಿ ಜೀವಹಾನಿಯಾಯಿತು. 2019ರ ಜುಲೈಯಲ್ಲಿ ಮುಂದಿನ ಸರಕಾರ ಆಚರಣೆಯನ್ನು ರದ್ದುಗೊಳಿಸಿತು. ಒಂದು ಆದೇಶದಿಂದ ಬಂದದ್ದು ಮತ್ತೊಂದು ಆದೇಶದಿಂದ ಹೋಯಿತು.

ಆ 2015ರ ನವೆಂಬರ್ 10 ನರಕ ಚತುರ್ದಶಿಯೂ ಆಗಿತ್ತು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಆ ದಿನ ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಆಳ್ವಿಕೆಯಲ್ಲಿ ತಮ್ಮ ಪೂರ್ವಿಕರು ಕೊಲ್ಲಲ್ಪಟ್ಟರೆಂಬ ನೆನಪು ಅವರದು. ಅದರ ಬಗೆಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ, ಇರಲಿ. ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಅವರಿಗೆ ಯಾವ ಸರಕಾರದ ಆದೇಶವೂ ಬೇಕಾಗಲಿಲ್ಲ. ತಲೆಮಾರುಗಳಿಂದ ತಾಯಂದಿರು ದೀಪ ಹಚ್ಚದೆ ಉಳಿದರು, ಯಾಕೆಂದು ಮಕ್ಕಳು ಕೇಳಿದರು, ಉತ್ತರ ದೊರೆಯಿತು. ನಮ್ಮನ್ನು ನೋಯಿಸುವ ನೆನಪೇ ಆದರೂ ಅದನ್ನು ಕಾಪಾಡಿದ ಕ್ರಮದಲ್ಲಿ ನಮಗೆ ಪಾಠವಿಲ್ಲವೇ?

ನಾವು ಮದ್ರಸದಲ್ಲಿ ಚಂದ್ರಮಾಸಗಳನ್ನು ಎಣಿಸಲು ಕಲಿತೆವು. ಬಿ.ಎ. ತರಗತಿಯಲ್ಲಿ ಮೇ 4 ಎಂಬುದು ಎರಡು ಅಂಕದ ಪ್ರಶ್ನೆಯಾಗಿತ್ತು. ಆ ಶನಿವಾರ ಹಿಜರಿ 1213ರ ಜುಲ್‌ಕಅದ ತಿಂಗಳ ಕೊನೆಯ ದಿನಗಳಲ್ಲಿ ಒಂದೆಂದು ಎರಡೂ ಕಡೆ ಯಾರೂ ಹೇಳಿರಲಿಲ್ಲ. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಈ ಎರಡು ತಾರೀಖುಗಳು ಗೋಡೆಯ ಕ್ಯಾಲೆಂಡರಿನ ಒಂದೇ ಚೌಕದಲ್ಲಿ ಸೇರುವುದು ಸುಮಾರು ಮೂವತ್ತಮೂರು ವರ್ಷಕ್ಕೊಮ್ಮೆ. ಸ್ವತಃ ಟಿಪ್ಪು ಈ ಲೆಕ್ಕದ ಗಂಟನ್ನು ಬಿಡಿಸಲು ಹೊರಟವರು. 'ಮೌಲೂದಿ' ಎಂಬ ಶಕೆಯನ್ನು ಜಾರಿಗೆ ತಂದು, ಈ ನಾಡಿನ ಚಾಂದ್ರಸೌರ ಪಂಚಾಂಗಕ್ಕೆ ಅದನ್ನು ಹೊಂದಿಸಿ, ತಿಂಗಳುಗಳಿಗೆ ಅಹ್ಮದಿ, ಬಹಾರಿ, ಜಾಫರಿ ಎಂದು ಹೆಸರಿಟ್ಟರು. ನಾಣ್ಯಗಳ ಮೇಲೆ ಆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದರು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಸೊಗಸಾದ ಒಗಟು ಬೇಕೇ?

ಬಾಹ್ಯಾಕಾಶದ ಕಲ್ಪಿತ ಯುದ್ಧವನ್ನು ಮೆಚ್ಚುವ ಹುಡುಗನಿಗೆ ಮೈಸೂರು ಸೇನೆಯ ಕಬ್ಬಿಣದ ಕೊಳವೆಯ ರಾಕೆಟ್‌ಗಳ ವಿಷಯ ಬೇಸರ ತರಿಸುತ್ತದೆಂದು ನಮಗೆ ತೋರುವುದಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ಹಾಳುಬಾವಿಯೊಂದರಲ್ಲಿ ಅಂತಹ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು.

ಹೊರಡುವ ಮೊದಲು ನಾವು ಇದನ್ನೇ ಅವನಿಗೆ ಹೇಳಿದೆವು. ಬಾವಿಯ ಮಾತಿಗೆ ಅವನು ಮೊಬೈಲನ್ನು ಕೆಳಗಿಟ್ಟ. ಬೆಂಗಳೂರಿನ ಕೋಟೆಯಲ್ಲಿ 1791ರ ಮಾರ್ಚ್ 21ರಂದು ಇಂಗ್ಲಿಷರು ನುಗ್ಗಿದ ಜಾಗಕ್ಕೆ ಒಂದು ಫಲಕವಿದೆ, ಸಿಟಿ ಮಾರುಕಟ್ಟೆಯ ಪಕ್ಕದಲ್ಲೇ ಎಂದೆವು. "ದಾದಾ, ನೀವು ನೋಡಿದ್ದೀರಾ?" ಎಂದು ಕೇಳಿದ. ಎಪ್ಪತ್ತು ವರ್ಷ ಇದೇ ಊರಿನಲ್ಲಿ ಕಳೆದ ಹಿರಿಯರು ಇಲ್ಲವೆಂದು ತಲೆಯಾಡಿಸಿ, ಭಾನುವಾರ ಯಾವ ಬಸ್ಸು ಅತ್ತ ಹೋಗುತ್ತದೆಂದು ನಮ್ಮನ್ನು ವಿಚಾರಿಸಿದರು.