ಒಂದು ಗೇಣಿನ ಕಾರು, ಬಿಇ ಓದಿದ ಕೈ

"ಇದರಿಂದ ಏನ್ ಗುರೂ ಉಪಯೋಗ?"

ಕಳೆದ ಐದು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದೇ ಇರೋರು ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ ಒಬ್ಬರೇ. ಆಫೀಸಿನಲ್ಲಿ ಕೇಳಿದರು, ಮನೆಯಲ್ಲಿ ಕೇಳಿದರು, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಭಾವನ ತಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ. ಎಲ್ಲರಿಗೂ ಒಂದೊಂದು ಸಾರಿ ಒಂದೊಂದು ಉತ್ತರ ಕೊಟ್ಟು ತಪ್ಪಿಸಿಕೊಂಡೆ. ಈಗ ಕೂತು ಸರಿಯಾಗಿ ಜಗಳ ಆಡೋಣ ಅನ್ನಿಸಿದೆ.

ವಿಷಯ ಇಷ್ಟೇ. ನಾನು ಶನಿವಾರ ಭಾನುವಾರ ಒಂದು ಪ್ಲಾಸ್ಟಿಕ್ ರೇಸ್ ಕಾರು ಕಟ್ಟುತ್ತಿದ್ದೆ. ಜಪಾನಿನ ತಮಿಯಾ ಕಂಪನಿಯ ಕಿಟ್, 1988ರ ಮೆಕ್ಲಾರೆನ್ ಹೋಂಡಾ ಎಂಪಿ4/4, ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆ. ಕಟ್ಟಿ ಮುಗಿದರೆ ಸುಮಾರು ಒಂದು ಗೇಣು. ಫಾರ್ಮುಲಾ ಒನ್ ನೋಡದವರಿಗೆ ಹೇಳಿಬಿಡುತ್ತೇನೆ: ಆ ವರ್ಷ ಇದ್ದದ್ದು 16 ರೇಸು, ಈ ಕಾರು ಗೆದ್ದದ್ದು 15. ಅದರಲ್ಲಿ ಐರ್ಟನ್ ಸೆನ್ನಾ 8, ಅಲೈನ್ ಪ್ರಾಸ್ಟ್ 7. ಕಳಕೊಂಡ ಒಂದೇ ಒಂದು ರೇಸು ಇಟಲಿಯ ಮಾನ್ಜಾದ್ದು. ಅಲ್ಲಿ ಪ್ರಾಸ್ಟ್ ಎಂಜಿನ್ ಕೈಕೊಟ್ಟಿತು; ಮುಂದಿದ್ದ ಸೆನ್ನಾ, ಮುಗಿಯೋಕೆ ಇನ್ನೇನು ಎರಡು ಸುತ್ತು ಇದೆ ಅನ್ನುವಾಗ ಹಿಂದೆ ಬಿದ್ದ ಕಾರೊಂದನ್ನು ದಾಟಲು ಹೋಗಿ ಡಿಕ್ಕಿ ಹೊಡೆದುಕೊಂಡ. ಗೆದ್ದದ್ದು ಫೆರಾರಿ. ಈ ಕಾರನ್ನು ವಿನ್ಯಾಸ ಮಾಡಿದ್ದು ಗಾರ್ಡನ್ ಮರ್ರೆಯೋ, ಸ್ಟೀವ್ ನಿಕೋಲ್ಸೋ ಅನ್ನೋ ತಕರಾರು ಇವತ್ತಿಗೂ ಮುಗಿದಿಲ್ಲ. ನಮ್ಮ ಅಪ್ರೈಸಲ್ ಸೀಸನ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಿಸಲಿಕ್ಕಿಲ್ಲ.

ಡಬ್ಬಿ ತೆಗೆದರೆ ಕಾರು ಇರೋದಿಲ್ಲ. ಚೌಕಟ್ಟಿನಂಥ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಚೂರುಗಳು ಇರುತ್ತವೆ, ಗೊನೆಗೆ ಅಂಟಿದ ಹಾಗೆ. ನಿಪ್ಪರಿನಲ್ಲಿ ಮೊದಲು ಸ್ವಲ್ಪ ದೂರಕ್ಕೆ ಕತ್ತರಿಸಬೇಕು, ಆಮೇಲೆ ಹತ್ತಿರಕ್ಕೆ. ಒಂದೇ ಏಟಿಗೆ ಬುಡಕ್ಕೆ ಹಾಕಿದರೆ ಪ್ಲಾಸ್ಟಿಕ್ ಕಿತ್ತು ಬಿಳಿ ಗಾಯ ಆಗುತ್ತೆ. ಉಳಿದ ಮೊಳಕೆಯನ್ನು ಅರದಲ್ಲಿ ಉಜ್ಜಬೇಕು, ಆಮೇಲೆ 400, 800, 1000 ನಂಬರಿನ ಎಮರಿ ಪೇಪರ್, ನೀರು ಹಚ್ಚಿಕೊಂಡು. ಅಚ್ಚಿನ ಎರಡು ಹೋಳು ಕೂಡುವ ಕಡೆ ಕೂದಲೆಳೆಯಷ್ಟು ಗೆರೆ ಉಳಿದಿರುತ್ತದೆ, ಅದನ್ನೂ ತೆಗೆಯಬೇಕು. ಬಿಟ್ಟರೆ ಏನಾಗುತ್ತೆ ಅಂದರೆ, ಏನೂ ಆಗಲ್ಲ. ಬಣ್ಣ ಹೊಡೆದ ಮೇಲೆ ಮಾತ್ರ ಅದು ದಿನಾ ಬೆಳಿಗ್ಗೆ ನಿಮ್ಮನ್ನು ನೋಡಿ ನಗುತ್ತೆ. ಲೆಕ್ಕ ಹಾಕಿ: ಇಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ ಬಣ್ಣ ಕೂತರೆ, ನಿಜವಾದ ಕಾರಿಗೆ ಎರಡು ಮಿಲಿಮೀಟರ್ ಸುಣ್ಣ ಬಳಿದ ಹಾಗೆ.

ಬಣ್ಣದ ಕತೆ ದೊಡ್ಡದು, ನಾನು ಪೆಟ್ಟು ತಿಂದದ್ದೂ ಅಲ್ಲೇ. ಆ ಮೆಕ್ಲಾರೆನ್ನಿನ ಕೆಂಪು ಅದಕ್ಕೆ ದುಡ್ಡು ಕೊಟ್ಟ ಸಿಗರೇಟಿನ ಪ್ಯಾಕಿನ ಕೆಂಪಲ್ಲ. ಆ ಕಾಲದ ಟೀವಿ ಕ್ಯಾಮೆರಾದಲ್ಲಿ ಪ್ಯಾಕಿನ ಕೆಂಪಿನ ಹಾಗೆ ಕಾಣಲಿ ಅಂತ ಕಾರಿಗೆ ಬಳಿದದ್ದು ಕಿತ್ತಳೆಗೆ ವಾಲುವ, ಕಣ್ಣು ಕುಕ್ಕುವ ಫ್ಲೋರೊಸೆಂಟ್ ಕೆಂಪು. ಎದುರು ನಿಂತು ನೋಡಿದರೆ ಒಂದು ಬಣ್ಣ, ಟೀವಿಯಲ್ಲಿ ಇನ್ನೊಂದು. ತಮಿಯಾದವರ ಸ್ಪ್ರೇ ಕ್ಯಾನಿನಲ್ಲಿ ಅದಕ್ಕೆ ಹೊಂದುವುದು ಟಿಎಸ್-36. ಕ್ಯಾನಿನಲ್ಲಿ ಗ್ಯಾಸ್ ಇರೋದರಿಂದ ವಿಮಾನದಲ್ಲಿ ಕಳಿಸಲ್ಲ, ಹುಡುಕೋದೇ ಒಂದು ಪಾಡು. ಹುಡುಕಿ ತಂದು, ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ರಟ್ಟಿನ ಡಬ್ಬ ಮಗುಚಿ ಅದರೊಳಗೆ ಬಾಡಿ ಇಟ್ಟು ಹೊಡೆದೆ. ಬೂದು ಪ್ರೈಮರ್ ಮೇಲೆ. ಫ್ಲೋರೊಸೆಂಟ್ ಬಣ್ಣ ತೆಳು ಪಂಚೆ ಇದ್ದ ಹಾಗೆ, ಒಳಗಿನದೆಲ್ಲ ಕಾಣುತ್ತೆ. ಅದಕ್ಕೆ ಅಡಿಯಲ್ಲಿ ಶುದ್ಧ ಬಿಳಿ ಬೇಕು. ನನ್ನ ಕಾರು ಹಳೇ ಇಟ್ಟಿಗೆ ಗೂಡಿನ ಬಣ್ಣಕ್ಕೆ ಬಂತು. ಮೇಲಿಂದ ಜುಲೈ ತಿಂಗಳ ಮಳೆ, ಗಾಳಿಯಲ್ಲಿನ ತೇವಕ್ಕೆ ಮೈಯೆಲ್ಲ ಮಂಕು.

ಎರಡು ಭಾನುವಾರ ಕೂತು ಅಷ್ಟೂ ಬಣ್ಣ ಉಜ್ಜಿ ತೆಗೆದೆ. ಕಂಟ್ರೋಲ್ ಝಡ್ ಇಲ್ಲ, ಹಳೇ ಕಮಿಟ್‌ಗೆ ವಾಪಸು ಹೋಗೋಕೆ ಆಗಲ್ಲ. ಹನ್ನೆರಡು ವರ್ಷ ಕೋಡ್ ಬರೆದವನಿಗೆ ಅದು ಯಾವ ಥರದ ಪಾಠ ಅಂತ ಬರೆಯೋಕೆ ನನಗೂ ಆಸೆ ಇದೆ. ಬರೆಯಲ್ಲ, ಕಾರಣ ಮುಂದೆ ಹೇಳುತ್ತೇನೆ.

ಈಗ ಜಗಳ. ಮೊದಲನೇ ಗುಂಪು, "ಮಾರಬಹುದಲ್ಲ?" ಅನ್ನೋರು. ನಮ್ಮ ಟೀಮಿನ ಒಬ್ಬ ಫೋಟೋ ನೋಡಿದ ಐದನೇ ನಿಮಿಷಕ್ಕೆ ಲೆಕ್ಕ ಒಪ್ಪಿಸಿದ: ಒಂದು ಇನ್‌ಸ್ಟಾಗ್ರಾಮ್ ಪೇಜ್ ಮಾಡು, ರೀಲ್ಸ್ ಹಾಕು, ಆರ್ಡರ್ ತಗೋ, ಇಷ್ಟಕ್ಕೆ ಮಾರು. ಅಲ್ಲಾ ಮಾರಾಯಾ, ವಾರಕ್ಕೆ ಐದು ದಿನ ಬೇರೆಯವರ ಡೆಡ್‌ಲೈನಿಗೆ ಕೆಲಸ ಮಾಡ್ತೀನಿ. ಉಳಿದ ಎರಡು ದಿನಕ್ಕೂ ನಾನೇ ಕೈಯಾರೆ ಒಬ್ಬ ಕ್ಲೈಂಟನ್ನು ಹುಡುಕಿಕೊಳ್ಳಬೇಕಾ? ನಾವು ಒಂದು ವಿಚಿತ್ರ ಜಾತಿ ಆಗಿಬಿಟ್ಟಿದ್ದೇವೆ. ಒಬ್ಬಳು ಚೆನ್ನಾಗಿ ಕೇಕ್ ಮಾಡಿದರೆ ಹೋಮ್ ಬೇಕರಿ ತೆಗಿ ಅಂತೀವಿ, ಒಬ್ಬ ಹಾಡಿದರೆ ಚಾನೆಲ್ ಮಾಡು ಅಂತೀವಿ. ಚೆನ್ನಾಗಿದೆ ಅನ್ನೋದಕ್ಕೆ ನಮ್ಮ ಹತ್ತಿರ ಬೇರೆ ಮಾತೇ ಉಳಿದಿಲ್ಲ.

ಎರಡನೇ ಗುಂಪು ಇನ್ನೂ ಅಪಾಯ, ಯಾಕಂದ್ರೆ ಅವರು ನನ್ನ ಪರ ಮಾತಾಡೋರು. "ಒಳ್ಳೇದೇ, ಫೋಕಸ್ ಹೆಚ್ಚುತ್ತೆ, ಸ್ಟ್ರೆಸ್ ಕಮ್ಮಿ ಆಗುತ್ತೆ, ಸೋಮವಾರ ಫ್ರೆಶ್ ಆಗಿ ಬರಬಹುದು." ಅಂದರೆ ಭಾನುವಾರ ನಾನು ಉಜ್ಜಿದ್ದು ಸೋಮವಾರ ಕಂಪನಿಗೆ ಚೆನ್ನಾಗಿ ದುಡಿಯಲಿಕ್ಕೆ! ಎತ್ತಿಗೆ ಭಾನುವಾರ ಹಿಂಡಿ ಹಾಕಿದ ಹಾಗೆ. ಈ ಕಾರು ಕಟ್ಟಿ ನಾನು ಒಳ್ಳೇ ಎಂಜಿನಿಯರ್ ಆಗಿಲ್ಲ. ನನ್ನ ಕೋಡಿನಲ್ಲಿ ಬಗ್ ಕಮ್ಮಿ ಆಗಿಲ್ಲ. ರಾತ್ರಿ ಹನ್ನೊಂದರವರೆಗೂ ಸೀಟ್‌ಬೆಲ್ಟಿಗೆ ಬಣ್ಣ ಹಚ್ಚಿ ಸೋಮವಾರದ ಮೀಟಿಂಗಿನಲ್ಲಿ ತೂಕಡಿಸಿದ್ದೇನೆ. ಪಾಠದ ಮಾತು ನುಂಗಿಕೊಂಡದ್ದು ಇದಕ್ಕೇ. ಆ ಸಾಲು ಬರೆದರೆ ನಾನೂ ಇವರ ಗುಂಪಿಗೇ ಸೇರಿದೆ.

ಹಾಗಾದರೆ ಯಾಕೆ ಅಂತೀರಾ? ಅದಕ್ಕೆ ಒಂದು ನಾಚಿಕೆಗೇಡಿನ ವಿಷಯ ಹೇಳಬೇಕು.

ಬಿಇ ಮೊದಲ ವರ್ಷದಲ್ಲಿ ನಮಗೆ ವರ್ಕ್‌ಶಾಪ್ ಇತ್ತು. ಒಂದು ಕಬ್ಬಿಣದ ಪಟ್ಟಿ ಕೊಡೋರು. ಹ್ಯಾಕ್ಸಾದಲ್ಲಿ ಕೊಯ್ದು, ವೈಸಿಗೆ ಕಚ್ಚಿಸಿ, ಅರದಲ್ಲಿ ಉಜ್ಜಿ, ಎರಡು ತುಂಡು ಒಂದರೊಳಗೊಂದು ಬೆಳಕು ನುಸುಳದ ಹಾಗೆ ಕೂರಿಸಬೇಕು. ನಾನು ಎರಡು ದಿನ ಉಜ್ಜಿದೆ, ಅಂಗೈಯಲ್ಲಿ ಬೊಕ್ಕೆ ಬಂತು. ಮೂರನೇ ದಿನ, ಎಲ್ಲರೂ ಮಾಡಿದ್ದನ್ನೇ ಮಾಡಿದೆ. ಲ್ಯಾಬ್ ಅಟೆಂಡರಿಗೆ ಇನ್ನೂರು ರೂಪಾಯಿ ಕೊಟ್ಟೆ. ಅವರು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ ಮಾಡೆಲ್ಲಿಗೆ ನನ್ನ ರಿಜಿಸ್ಟರ್ ನಂಬರ್ ಪಂಚ್ ಹೊಡೆದು ಸಲ್ಲಿಸಿದೆ. ಒಳ್ಳೇ ಮಾರ್ಕ್ಸ್ ಬಂತು. ಎಂಜಿನಿಯರ್ ಆದವನು ನಾನು. ಅಟೆಂಡರ್ ಅಟೆಂಡರಾಗಿಯೇ ಉಳಿದರು.

ನಾವು ನಾಲ್ಕು ಜನ ಸೇರಿದರೆ ಇದನ್ನು ಜೋಕಾಗಿ ಹೇಳಿಕೊಂಡು ನಗ್ತೀವಿ. ಇದು ಜೋಕಲ್ಲ. ನಮ್ಮಲ್ಲಿ ಕೈಕೆಲಸ ಅಂದರೆ ಓದು ಹತ್ತದವರ ಪಾಲಿಗೆ ಬಂದ ಶಿಕ್ಷೆ. ಹೆಚ್ಚು ಓದಿದಷ್ಟೂ ಕೈ ಶುದ್ಧ ಇರಬೇಕು. ಮನೆಯ ಬಲ್ಬ್ ಹೋಲ್ಡರ್ ಬದಲಾಯಿಸೋಕೂ ಆ್ಯಪಿನಲ್ಲಿ ಬುಕ್ ಮಾಡೋದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳ್ತೀವಿ.

ಈ ತಮಿಯಾ 1946ರಲ್ಲಿ ಶಿಜುವೊಕಾ ಊರಿನಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ. ಆಮೇಲೆ ಮರದ ಮಾಡೆಲ್ ಮಾಡಿದರು. ಪ್ಲಾಸ್ಟಿಕ್ ಬಂದು ಮರ ಹೋಗುತ್ತೆ ಅನ್ನಿಸಿದಾಗ 1960ರಲ್ಲಿ ತಮ್ಮ ಮೊದಲ ಪ್ಲಾಸ್ಟಿಕ್ ಮಾಡೆಲ್ ತಂದರು, ಯಮಾಟೊ ಯುದ್ಧನೌಕೆ. 1967ಕ್ಕೆ ಹೋಂಡಾದ ಫಾರ್ಮುಲಾ ಒನ್ ಕಾರು. ಕಂಪನಿಯ ಯಜಮಾನರಾಗಿದ್ದ ಶುನ್ಸಾಕು ತಮಿಯಾ, ಪೋರ್ಷೆ ಮಾಡೆಲ್ ಮಾಡುವ ಮುಂಚೆ ಒಂದು ನಿಜವಾದ ಪೋರ್ಷೆ 911 ಕೊಂಡು ತಂದು ಬಿಚ್ಚಿಸಿ ಹಾಕಿದರು, ಒಳಗೆ ಹೇಗಿದೆ ನೋಡೋಕೆ. ನಮ್ಮಲ್ಲಿ ಆಟಿಕೆ ಮಾಡೋಕೆ ಕಾರು ಬಿಚ್ಚಿದವನನ್ನು ನಿಮ್ಹಾನ್ಸ್‌ಗೆ ತೋರಿಸು ಅಂತಿದ್ದರು. ಹಾಗಂತ ಜಪಾನ್ ದೇವಲೋಕ, ನಾವು ದಂಡ ಅನ್ನೋ ಹಳೇ ಹಾಡು ಹಾಡೋಕೆ ಬಂದಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹಿಡಿದು ಹೊಳಪು ತರೋರ ಕೈ ಏನು ಕಮ್ಮಿಯೇ? ಆ ಕೈಯನ್ನು ಹೊಗಳುತ್ತೇವೆ, ಬೊಂಬೆ ಕೊಂಡು ಶೋಕೇಸಿನಲ್ಲಿ ಇಡುತ್ತೇವೆ. ನಮ್ಮ ಮಗ ಆ ಕೆಲಸ ಕಲೀತೀನಿ ಅಂದರೆ ಮಾತ್ರ ಎದೆ ಹಿಡಿದುಕೊಳ್ಳುತ್ತೇವೆ.

ಸಿಗರೇಟಿನ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ತಂಬಾಕಿನ ಹೆಸರಿರುವ ಸ್ಟಿಕ್ಕರನ್ನು ಅನೇಕ ಕಿಟ್‌ಗಳಲ್ಲಿ ಕೊಡುವುದಿಲ್ಲ. ಬೇಕಾದವರು ಬೇರೆ ಕಂಪನಿಗಳು ಮಾಡೋದನ್ನು ಪ್ರತ್ಯೇಕ ತರಿಸಿಕೊಂಡು ಹಚ್ಚುತ್ತಾರೆ, ಇಲ್ಲದಿದ್ದರೆ ಇತಿಹಾಸಕ್ಕೆ ಅಪಚಾರ ಅಂತಾರೆ. ನಾನು ಹಚ್ಚಲಿಲ್ಲ. ತಂಬಾಕು ಜಾಹೀರಾತು ನಿಷೇಧ ಇದ್ದ ದೇಶಗಳಲ್ಲಿ ಆ ಟೀಮುಗಳೇ ಹೆಸರು ತೆಗೆದು ಓಡಿಸಿವೆ. ಬೀಡಿ ಸೇದಿ ಸೇದಿ ಕೆಮ್ಮಿ ಹೋದ ಚಿಕ್ಕಪ್ಪನನ್ನು ನೋಡಿದವನು ನಾನು, ಅದರ ಹೆಸರನ್ನು ದುಡ್ಡು ಕೊಟ್ಟು ತರಿಸಿ ಹಚ್ಚುವಷ್ಟು ಶುದ್ಧವಾದಿ ಅಲ್ಲ.

ಇಷ್ಟೆಲ್ಲ ಜೋರು ಮಾಡುವ ನಾನು ಉತ್ತರ ಕೊಡಲಾಗದ್ದು ಒಬ್ಬರಿಗೇ. ನಮ್ಮಪ್ಪನಿಗೆ.

ಕಣ್ಣಿನ ಆಪರೇಷನ್ನಿಗೆ ಅಂತ ತಿಪಟೂರಿನ ಹತ್ತಿರದ ನಮ್ಮೂರಿಂದ ಬಂದಿದ್ದರು. ಡೈನಿಂಗ್ ಟೇಬಲ್ ಮೇಲೆ ನಾನು ಹಿಂದಿನ ರೆಕ್ಕೆ ಉಜ್ಜುತ್ತಾ ಕೂತಿದ್ದೆ. ಪಕ್ಕ ಬಂದು ಕೂತರು.

"ಎಷ್ಟ್ ಕೊಟ್ಟೆ ಮಗಾ ಇದಕ್ಕೆ?"

"ನಾಕ್ ಸಾವ್ರ ಚಿಲ್ಲರೆ."

"ಮೂರ್ ಮೂಟೆ ಡಿಎಪಿ ಬತ್ತಿತ್ತು."

ಸುಮ್ಮನಾದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅಂದರು, "ಇದ ಮಾಡಬಾರ್ದು ಅಂತಲೇ ಅಲ್ವೇನ್ಲಾ ನಿನ್ನ ಓದ್ಸಿದ್ದು?"

ಅವರು ಹೇಳಿದ್ದು ಕಾರಿನ ಬಗ್ಗೆ ಅಲ್ಲ. ಮೋಟರ್ ಸುಟ್ಟರೆ ರಾತ್ರಿ ಟಾರ್ಚ್ ಹಿಡಿದು ಬಿಚ್ಚಿದವರು, ಫುಟ್‌ವಾಲ್ವಿನ ವಾಷರನ್ನು ಹಳೇ ಟ್ಯೂಬಿನಲ್ಲಿ ಕತ್ತರಿಸಿ ಕೂರಿಸಿದವರು. ಕಾಯಿ ಸುಲಿದೂ ಸುಲಿದೂ ಅವರ ಬಲಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಿಸಲ್ಲ. ಅವರಿಗೆ ಕೈಕೆಲಸ ಆಯ್ಕೆ ಆಗಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ, ಏಸಿ ಕೋಣೆಯಲ್ಲಿ ಕೂತು ಎಮರಿ ಪೇಪರ್ ಹಿಡಿದು ನಾನು 'ಕೈಯ ಘನತೆ' ಅಂತ ಭಾಷಣ ಮಾಡುವುದಕ್ಕೂ ಅವರ ಹೆಬ್ಬೆರಳಿಗೂ ನಡುವೆ ಎಷ್ಟು ದೂರ ಇದೆ ಅಂತ ನನಗೂ ಗೊತ್ತು. ಅವರ ಪ್ರಶ್ನೆ ಆಫೀಸಿನವರ ಪ್ರಶ್ನೆ ಅಲ್ಲ. ಅದಕ್ಕೆ ಈ ಲೇಖನದಲ್ಲಿ ಉತ್ತರ ಇಲ್ಲ.

ಒಂದು ಗಂಟೆ ಹಾಗೇ ಕೂತು ನೋಡಿದರು. ಎದ್ದು ಹೋಗುವಾಗ ಕೇಳಿದ್ದು ಇಷ್ಟು: "ಚಕ್ರ ತಿರುಗ್ತದಾ?"

"ತಿರುಗ್ತದೆ."

"ಸರಿ ಮತ್ತೆ."

ಕೊನೆಗೆ ಇದನ್ನು ಬರೆಯೋಕೆ ಕೂರಿಸಿದ ವಿಷಯ. ಅಕ್ಕನ ಮಗ ಐದನೇ ಕ್ಲಾಸು. ಶಾಲೆಯಲ್ಲಿ ಜ್ವಾಲಾಮುಖಿ ಮಾಡೆಲ್ ತರೋಕೆ ಹೇಳಿದ್ದರು. ಅಕ್ಕ ಫೋನ್ ಮಾಡಿ, "ನಿಮ್ಮ ಮನೆ ಹತ್ತಿರ ಸ್ಟೇಷನರಿ ಅಂಗಡೀಲಿ ರೆಡಿಮೇಡ್ ಸಿಗುತ್ತಂತೆ, ಒಂದು ತಂದುಬಿಡೋ" ಅಂದಳು. ಹೋಗಿ ನೋಡಿದೆ. ಸಾಲಾಗಿ ಜೋಡಿಸಿಟ್ಟಿದ್ದರು: ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲು. ಎಲ್ಲ ಥರ್ಮಾಕೋಲಿನಲ್ಲಿ, ಹೆಸರು ಬರೆಯೋಕೆ ಖಾಲಿ ಚೀಟಿ ಸಮೇತ. ಥೇಟ್ ನನ್ನ ವರ್ಕ್‌ಶಾಪ್ ಮಾಡೆಲ್. ನಾವು ಹದಿನೆಂಟಕ್ಕೆ ಕಲಿತದ್ದನ್ನು ಇವರಿಗೆ ಹತ್ತಕ್ಕೇ ಕಲಿಸುತ್ತಿದ್ದೇವೆ. ಸಂಜೆ ಇದೇ ಮಕ್ಕಳನ್ನು ಕ್ರಿಯೇಟಿವಿಟಿ ಬರಲಿ ಅಂತ ಸಾವಿರಾರು ರೂಪಾಯಿ ಕಟ್ಟಿ ರೊಬಾಟಿಕ್ಸ್ ಕ್ಲಾಸಿಗೆ ಕಳಿಸುತ್ತೇವೆ.

ತರಲಿಲ್ಲ. ಶನಿವಾರ ಹುಡುಗನನ್ನು ಮನೆಗೆ ಕರೆಸಿ ಹಳೇ ಪೇಪರ್, ಮೈದಾ ಅಂಟು, ಒಂದು ಬಾಟಲಿ ಕೊಟ್ಟು ಕೂರಿಸಿದೆ. ನಾನು ಮುಟ್ಟಲಿಲ್ಲ. ಅವನು ಮಾಡಿದ್ದು ಜ್ವಾಲಾಮುಖಿಗಿಂತ ಹುತ್ತದ ಹಾಗೆ ಇತ್ತು, ಒಂದು ಕಡೆ ವಾಲಿತ್ತು. ಹತ್ತಕ್ಕೆ ಐದು ಬಂತು. ಅಂಗಡಿಯದ್ದು ತಂದ ಪಕ್ಕದ ಬೆಂಚಿನ ಹುಡುಗನಿಗೆ ಒಂಬತ್ತು. ಅಕ್ಕ ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟಳು.

ಮೂರನೇ ದಿನ ಫೋನ್ ಬಂತು. ಅಕ್ಕ ಅಲ್ಲ, ಹುಡುಗ.

"ಮಾಮ, ಆ ಕೆಂಪು ಬಣ್ಣ ಇನ್ನೂ ಉಳಿದಿದೆಯಾ? ಜ್ವಾಲಾಮುಖಿಗೆ ಹೊಡೀಬೇಕು."

"ಮಾರ್ಕ್ಸ್ ಬಂದಾಯ್ತಲ್ಲೋ, ಇನ್ನೇನಕ್ಕೆ?"

"ಸುಮ್ನೆ."

ಉಳಿದಿದೆ ಅಂದೆ. ಅಡಿಗೆ ಮೊದಲು ಬಿಳಿ ಹೊಡೀಬೇಕು ಅಂತಲೂ ಹೇಳಿದೆ.