ಇಳಿಸಿಟ್ಟುಕೊಂಡ ಟಿವಿ ಕಾರ್ಯಕ್ರಮ ಯಾರದು?

2020ರಲ್ಲಿ, ಶಾಲೆಗಳಿಗೆ ಬೀಗ ಬಿದ್ದಿದ್ದಾಗ, ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ದಿನವೂ ನಿಗದಿತ ಹೊತ್ತಿಗೆ ಪಾಠ. ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಇರಬೇಕು, ಮನೆಯಲ್ಲಿ ಟಿವಿ ಇರಬೇಕು, ಹುಡುಗ ಹೊಲಕ್ಕೆ ಹೋಗಿರಬಾರದು. ಒಂದು ತಪ್ಪಿದರೂ ಆ ದಿನದ ಗಣಿತ ಕೈಬಿಟ್ಟಂತೆ. ಪಾಠಗಳು ಯೂಟ್ಯೂಬಿನಲ್ಲೂ ಸಿಗುತ್ತಿದ್ದವು, ನಿಜ. ಆದರೆ ಮನೆಗೆ ಇರುವುದೊಂದೇ ಮೊಬೈಲ್. ಅಪ್ಪ ಗುಳೆ ಹೋದರೆ ಅದೂ ಅವನ ಜೊತೆ ಹೋಗುತ್ತದೆ.

ಒಬ್ಬ ಮೇಷ್ಟ್ರು ನೆಟ್‌ವರ್ಕ್ ಚೆನ್ನಾಗಿರುವ ಕಡೆ ಕೂತು ವಾರದ ಪಾಠಗಳನ್ನು ಇಳಿಸಿ, ಪೆನ್‌ಡ್ರೈವಿಗೆ ಹಾಕಿ ಊರಿಗೆ ಒಯ್ದರೆ ತಪ್ಪೇನು? ನನ್ನ ಮಟ್ಟಿಗೆ ಇಡೀ ವಾದದ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಇಳಿಸಲು ಇವತ್ತು ಹೆಚ್ಚು ಬಳಕೆಯಲ್ಲಿರುವ ಉಪಕರಣ ವೈಟಿ-ಡಿಎಲ್‌ಪಿ. ಒತ್ತಲು ಬಟನ್‌ಗಳಿಲ್ಲ; ಟರ್ಮಿನಲ್ ತೆರೆದು ಕಮಾಂಡ್ ಟೈಪ್ ಮಾಡಬೇಕು. ಮೊದಲು ಪಟ್ಟಿ ಕೇಳಿದರೆ ಆ ವಿಡಿಯೊ ಯಾವ ಯಾವ ಗುಣಮಟ್ಟದಲ್ಲಿದೆ, ಎಷ್ಟು ಎಂಬಿ ಎಂಬುದನ್ನು ಸಾಲಾಗಿ ತೋರಿಸುತ್ತದೆ. ಅರ್ಧ ಗಂಟೆಯ ಪಾಠವನ್ನು 360ಪಿಯಲ್ಲಿ ಇಳಿಸಿದರೆ ನೂರು ಎಂಬಿ ಆಸುಪಾಸು. ಬೋರ್ಡಿನ ಅಕ್ಷರ ಓದಲು ಅಷ್ಟು ಸಾಕು. ಶೇಕಡಾ ಅರವತ್ತಕ್ಕೆ ನೆಟ್ ಹೋದರೆ, ಮತ್ತೆ ಅದೇ ಕಮಾಂಡ್ ಕೊಟ್ಟಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಖರ್ಚಾದ ಡೇಟಾ ದಂಡವಾಗುವುದಿಲ್ಲ. ಇಳಿಸಿದ್ದರ ಲೆಕ್ಕವನ್ನು ಒಂದು ಫೈಲಿನಲ್ಲಿ ಇಡಲು ಹೇಳಿದರೆ ಮುಂದಿನ ವಾರ ಹೊಸ ಪಾಠಗಳನ್ನಷ್ಟೇ ತರುತ್ತದೆ. ‘ಡೌನ್‌ಲೋಡ್’ ಎಂಬ ಸುಳ್ಳು ಬಟನ್‌ಗಳ ಹಿಂದೆ ವೈರಸ್ ಇಟ್ಟುಕೊಂಡ ವೆಬ್‌ಸೈಟುಗಳಿಗಿಂತ ಇದು ಎಷ್ಟೋ ವಾಸಿ, ಏಕೆಂದರೆ ಇದರ ಕೋಡ್ ಬಹಿರಂಗವಾಗಿದೆ. ಕಲಿಯಲು ತಾಳ್ಮೆ ಬೇಕು ಎಂಬುದೂ ಅಷ್ಟೇ ಸತ್ಯ. ಯಾರೋ ಕಳಿಸಿದ ಕಮಾಂಡನ್ನು ಅರ್ಥವಾಗದೆ ಅಂಟಿಸುವುದು ಅಪಾಯ.

ಇದರ ಮೂಲ, 2006ರ ಯೂಟ್ಯೂಬ್-ಡಿಎಲ್. 2020ರ ಅಕ್ಟೋಬರಿನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಸಂಘ ನೋಟಿಸ್ ಕೊಟ್ಟು ಅದನ್ನು ಗಿಟ್‌ಹಬ್‌ನಿಂದ ತೆಗೆಸಿತು. ಯೂಟ್ಯೂಬ್ ಹಾಕಿದ ತಾಂತ್ರಿಕ ಬೀಗವನ್ನು ಇದು ಮುರಿಯುತ್ತದೆ ಎಂಬುದು ಅವರ ವಾದ. ಬ್ರೌಸರ್ ಮಾಡುವುದನ್ನೇ ಇದೂ ಮಾಡುತ್ತದೆ ಎಂಬುದು ಎದುರು ಪಕ್ಷದ್ದು. ನವೆಂಬರಿನಲ್ಲಿ ಗಿಟ್‌ಹಬ್ ಅದನ್ನು ಮರಳಿ ಹಾಕಿತು. ಆದರೆ 2023ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನ್ಯಾಯಾಲಯ ಕಂಪನಿಗಳ ಕಡೆಗೇ ವಾಲಿತು. ಬೀಗ ಯಾವುದು, ಬರೀ ಬಾಗಿಲು ಯಾವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಕಾನೂನು ಓದಿದರೆ ಮೇಷ್ಟ್ರಿಗೆ ಬಲ ಸಿಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸ್ವಂತ ಬಳಕೆಗೆ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಳಿಗಷ್ಟೇ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಮತ್ತು ಪ್ರದರ್ಶಕರ ಹಕ್ಕಿಗೆ ಭಂಗವಿಲ್ಲ. ಆದರೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕುಭಂಗದ ಉದ್ದೇಶದಿಂದ ತಾಂತ್ರಿಕ ರಕ್ಷಣೆ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಯೂಟ್ಯೂಬಿನ ಷರತ್ತುಗಳು ತನ್ನ ಅನುಮತಿಯಿಲ್ಲದ ಇಳಿಸುವಿಕೆಯನ್ನು ಒಪ್ಪುವುದಿಲ್ಲ. ಆದ್ದರಿಂದ ‘ಕಾನೂನಿನಲ್ಲಿ ಜಾಗವಿದೆ’ ಎನ್ನಬಹುದೇ ಹೊರತು ‘ಎಲ್ಲಕ್ಕೂ ಪರವಾನಗಿ ಇದೆ’ ಎನ್ನಲಾಗದು.

ಇನ್ನು ಎದುರು ವಾದ. ಅದನ್ನು ವಾಹಿನಿಗಳ ಲಾಭದ ಮಾತೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಮೊಬೈಲ್ ಅಂಗಡಿಯಲ್ಲಿ ಕಾಸು ಕೊಟ್ಟು ಮೆಮೊರಿ ಕಾರ್ಡ್ ತುಂಬಿಸಿಕೊಳ್ಳುತ್ತಿದ್ದ ಕಾಲ ತೀರಾ ಹಳೆಯದಲ್ಲ. ಸಿನಿಮಾ ಹಾಡು, ನಾಟಕ, ಹಾಸ್ಯ ಭಾಷಣ ಎಲ್ಲ ಒಟ್ಟಿಗೆ. ಕೇಳಿದವರಿಗೆ ಖುಷಿ, ಅಂಗಡಿಯವನಿಗೆ ದುಡ್ಡು. ಹಾಡಿದವರಿಗೆ, ಮಾತಾಡಿದವರಿಗೆ ಏನೂ ಇಲ್ಲ. ಇಳಿಸಿಕೊಂಡು ನೋಡಿದ್ದು ವೀಕ್ಷಣೆಯ ಲೆಕ್ಕಕ್ಕೂ ಬರುವುದಿಲ್ಲ. ಸ್ವಂತ ಚಾನೆಲ್ ನಡೆಸುವ ಸಣ್ಣ ಕಲಾವಿದನಿಗೆ ಆ ಲೆಕ್ಕವೇ ಸಂಪಾದನೆ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ತೊಂಬತ್ತಾರರ ಆ ಅಜ್ಜಿಯ ತೊಗಲುಗೊಂಬೆಗಳು ಎಲ್ಲ ವಾಹಿನಿಗಳಲ್ಲೂ ಕಂಡವು. ಇಲ್ಲಿ ಎರಡೂ ವಾದ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸುದ್ದಿ ವಾಹಿನಿ ಮುಚ್ಚಬಹುದು, ವಿಡಿಯೊ ಅಳಿಸಬಹುದು. ಬಿಬಿಸಿ ತನ್ನ ಟೇಪುಗಳನ್ನೇ ಅಳಿಸಿ ಮರುಬಳಸಿದ್ದರಿಂದ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳು ಕಳೆದುಹೋದವು. ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಧ್ವನಿಯಿಂದ ಅವುಗಳ ಮಾತಾದರೂ ಉಳಿಯಿತು. ಗೊಂಬೆಯಾಟವನ್ನು ಉಳಿಸುವವರು 360ಪಿಗೆ ತೃಪ್ತಿಪಡಬಾರದು. ದೀಪದ ಬೆಳಕು ತೊಗಲನ್ನು ಹಾದು ಬರುವಾಗ ಕಾಣುವ ಬಣ್ಣ, ಸಣ್ಣ ತೂತುಗಳಲ್ಲಿ ಮೂಡಿದ ಒಡವೆಯ ಗೆರೆ ಅಷ್ಟರಲ್ಲಿ ಕಲಸಿಹೋಗುತ್ತವೆ.

ಆದರೆ ಆ ಆಟದ ಮೇಲೆ ಆಡಿದವರಿಗೆ 50 ವರ್ಷಗಳ ಪ್ರದರ್ಶಕರ ಹಕ್ಕಿದೆ. ಸಂಶೋಧನೆಗೆಂದು ಇಳಿಸಿಟ್ಟವರು ಅದನ್ನೇ ತಮ್ಮ ಚಾನೆಲ್ಲಿಗೆ ಏರಿಸಿದರೆ 39ನೇ ಕಲಮಿನ ನೆರಳು ಅಲ್ಲಿಗೆ ಚಾಚುವುದಿಲ್ಲ. ನನಗೆ ಕಾಣುವ ಗಡಿ ಇದು: ಇಳಿಸುವುದರಲ್ಲಿ ಅಲ್ಲ, ಮುಂದೆ ದಾಟಿಸುವುದರಲ್ಲಿ. ಮೇಷ್ಟ್ರ ಪೆನ್‌ಡ್ರೈವ್ ಗಡಿಯ ಈಚೆಗಿದೆ, ಕಾಸಿಗೆ ಕಾರ್ಡ್ ತುಂಬುವ ಅಂಗಡಿ ಆಚೆಗಿದೆ. ಚಂದನದ ಪಾಠಗಳಂತೂ ನಮ್ಮ ತೆರಿಗೆಯ ದುಡ್ಡಿನವು. ಅವನ್ನು ದೂರದರ್ಶನವೇ ಸಣ್ಣ ಫೈಲುಗಳಾಗಿ, ಶಾಲೆಗಳಿಗೆ ಹಂಚಬಹುದು ಎಂಬ ಬರಹದೊಂದಿಗೆ ಕೊಟ್ಟರೆ ಮೇಷ್ಟ್ರು ಯಾವ ಕಮಾಂಡನ್ನೂ ಕಲಿಯಬೇಕಿಲ್ಲ. ವಾಹಿನಿ ಅಳಿಸಿದ ಮೇಲೆ ಗೊಂಬೆಯಾಟದ ಪ್ರತಿ ಒಬ್ಬರ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಉಳಿದಿದ್ದರೆ, ಅದನ್ನು ಇನ್ನೆಲ್ಲಾದರೂ ಹಾಕುವ ಮುಂಚೆ ಆಡಿದವರ ಮನೆಗೆ ಒಂದು ಪ್ರತಿ ತಲುಪಿಸಿ, ಏನು ಮಾಡೋಣ ಎಂದು ಅವರನ್ನೇ ಕೇಳಬೇಕು.