ಅಪ್ಪಣೆಯ ಅಳು

ಸತ್ತವರನ್ನು ನಿಂದಿಸಬಾರದೆಂಬ ನೀತಿಯು ಎಲ್ಲ ದೇಶಗಳಲ್ಲಿಯೂ ಉಂಟು. ಅದು ಒಳ್ಳೆಯ ನೀತಿಯೇ. ಎದುರುತ್ತರ ಕೊಡಲಾರದವರ ಮೇಲೆ ಕೈಯೆತ್ತುವುದು ಹೇಡಿತನವೆಂಬ ಭಾವವು ಅದರ ಮೂಲದಲ್ಲಿದೆ. ಆದರೆ ಈ ನೀತಿಯ ಬೆನ್ನಿಗೆ ಅಂಟಿಕೊಂಡು ಮತ್ತೆರಡು ವಿಧಿಗಳು ಮೆಲ್ಲನೆ ಒಳಹೊಕ್ಕಿವೆ. ಪ್ರಸಿದ್ಧರು ಸತ್ತಾಗ ಎಲ್ಲರೂ ಅಳತಕ್ಕದ್ದು ಎಂಬುದೊಂದು. ಆ ಅಳು ನಡೆಯುವಷ್ಟು ದಿನ ಯಾರೂ ಏನನ್ನೂ ಕೇಳತಕ್ಕದ್ದಲ್ಲ ಎಂಬುದು ಮತ್ತೊಂದು. ಮೊದಲನೆಯ ನೀತಿಯನ್ನು ಕಲಿಸಿದ್ದು ಧರ್ಮ. ಉಳಿದೆರಡನ್ನು ಕಲಿಸಿದವರು ಅರಮನೆಯವರು ಮತ್ತು ಪತ್ರಿಕೆ ಮಾರುವವರು. ಇಂಗ್ಲೆಂಡಿನಲ್ಲಿ ಈ ವಿಧಿಗಳನ್ನು ಬಾಯಿಬಿಟ್ಟು ಎದುರಿಸಿದವರಲ್ಲಿ ಪಂಡಿತರೂ ಪಾರ್ಲಿಮೆಂಟಿನ ಸದಸ್ಯರೂ ವಿರಳ; ಬೀದಿಯ ಹುಡುಗರು ಕೇಳುವ ಹಾಡುಗಳನ್ನು ಹಾಡುವ ಗಾಯಕರೇ ಹೆಚ್ಚು. ಅವರಿಗೆ ಅಸಭ್ಯರೆಂದೂ ಕೃತಘ್ನರೆಂದೂ ಹೆಸರು ಬಂದಿದೆ. ಆ ಹೆಸರು ಯಾರಿಗೆ ಸಲ್ಲತಕ್ಕದ್ದೆಂಬುದನ್ನು ವಿಚಾರಿಸಬೇಕಾಗಿದೆ.

ಗಾಯಕನಿಗೂ ಅರಮನೆಯ ಸಾವಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಎರಡನೆಯ ಮೇರಿ ರಾಣಿಯು ೧೬೯೪ರ ಡಿಸೆಂಬರಿನಲ್ಲಿ ಸಿಡುಬಿನಿಂದ ಮಡಿಯಲು, ಮರುವರ್ಷದ ಮಾರ್ಚಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆದ ಅಂತ್ಯವಿಧಿಗಾಗಿ ಹೆನ್ರಿ ಪರ್ಸೆಲ್ಲನು ಸಂಗೀತವನ್ನು ರಚಿಸಿಕೊಟ್ಟನು. ಅದೇ ವರ್ಷದ ನವೆಂಬರಿನಲ್ಲಿ ಆತನೂ ತೀರಿಕೊಂಡನು. ರಾಣಿಗಾಗಿ ಕಟ್ಟಿದ ಸಂಗೀತವನ್ನೇ ಆತನ ಶವದ ಮುಂದೆಯೂ ನುಡಿಸಿದರು. ೧೭೩೭ರಲ್ಲಿ ಕ್ಯಾರೊಲೈನ್ ರಾಣಿಯು ಸತ್ತಾಗ ಹ್ಯಾಂಡೆಲ್ಲನು ಹಾಗೆಯೇ ಶೋಕಗೀತವನ್ನು ರಚಿಸಿದನು. ಇವು ಹಿರಿಯ ಕೃತಿಗಳು. ಇವುಗಳಲ್ಲಿರುವುದು ಹುಸಿ ದುಃಖವೆಂದು ಹೇಳಲು ನಾಲಗೆಯೇಳದು. ಆದರೂ ಅಂದಿನ ಗಾಯಕನು ಅರಮನೆಯ ಸಂಬಳದವನು. ಒಡೆಯರ ಮನೆಯಲ್ಲಿ ಹುಟ್ಟಾದರೆ ಹಿಗ್ಗಬೇಕು, ಸಾವಾದರೆ ಕುಗ್ಗಬೇಕು. ಒಲ್ಲೆನೆನ್ನುವ ಸ್ವಾತಂತ್ರ್ಯವು ಅವನಿಗಿರಲಿಲ್ಲ. ಗ್ರಾಮಫೋನಿನ ತಟ್ಟೆಯೂ ರೇಡಿಯೋವೂ ಬಂದಮೇಲೆ ಅವನ ಅನ್ನವು ಪೇಟೆಯ ಜನರ ಕೈಗೆ ಬಿತ್ತು. ಪೇಟೆಯೂ ಒಬ್ಬ ಒಡೆಯನೇ ಅಹುದು, ಆ ಮಾತು ಮುಂದೆ ಬರುತ್ತದೆ. ಆದರೆ ಅರಮನೆಯ ಕಡೆಗೆ ತಿರುಗಿ ನಗುವ ಅವಕಾಶವು ಗಾಯಕನಿಗೆ ದೊರೆತದ್ದು ಆಗಲೇ.

೧೯೬೩ರ ನವೆಂಬರಿನಲ್ಲಿ, ರಾಜಮಾತೆಯವರೂ ರಾಜಕುಮಾರಿ ಮಾರ್ಗರೆಟ್ಟರೂ ಬಂದು ಕುಳಿತಿದ್ದ ಲಂಡನ್ನಿನ ಕಛೇರಿಯೊಂದರಲ್ಲಿ, ಬೀಟಲ್ಸ್ ತಂಡದ ಜಾನ್ ಲೆನನ್ನರು ಅಗ್ಗದ ಪೀಠದವರು ಚಪ್ಪಾಳೆ ತಟ್ಟಲಿ, ಮಿಕ್ಕವರು ಒಡವೆಗಳನ್ನು ಕುಲುಕಿದರೆ ಸಾಕೆಂದು ವಿನೋದ ಮಾಡಿದರು. ಅರಮನೆಯು ಕೋಪಗೊಳ್ಳುವಷ್ಟು ಹೆಡ್ಡತನವನ್ನು ತೋರಲಿಲ್ಲ. ೧೯೬೫ರಲ್ಲಿ ಆ ನಾಲ್ವರಿಗೂ ಪದಕವನ್ನು ಕೊಟ್ಟಿತು. ೧೯೬೯ರಲ್ಲಿ ಲೆನನ್ನರು ತಮ್ಮ ಪದಕವನ್ನು ಹಿಂದಿರುಗಿಸಿದರು. ಬಿಯಾಫ್ರದ ಯುದ್ಧದಲ್ಲಿ ಬ್ರಿಟನ್ನಿನ ಕೈವಾಡ, ವಿಯೆಟ್ನಾಮಿನಲ್ಲಿ ಅಮೆರಿಕೆಗೆ ಅದರ ಬೆಂಬಲ, ಇವೆರಡರ ಜೊತೆಗೆ ತಮ್ಮ ಹೊಸ ಹಾಡೊಂದು ಮಾರಾಟದ ಪಟ್ಟಿಯಲ್ಲಿ ಕೆಳಗಿಳಿಯುತ್ತಿರುವುದನ್ನೂ ಕಾರಣವಾಗಿ ಕಾಣಿಸಿದರು. ಮೂರನೆಯ ಕಾರಣದಿಂದ ಮೊದಲೆರಡರ ತೂಕವು ಕಡಮೆಯಾಯಿತೆಂದು ಗಂಭೀರರು ಹೇಳಬಹುದು. ಆ ಪದಕಕ್ಕೆ ಅಷ್ಟು ಗಾಂಭೀರ್ಯವೇ ಸಾಕೆಂದು ಹೇಳಿದರೂ ತಪ್ಪಾಗದು.

೧೯೭೭ರಲ್ಲಿ ಎರಡನೆಯ ಎಲಿಜಬೆತ್ ರಾಣಿಯವರು ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದ ಉತ್ಸವ ನಡೆಯಿತು. ಬೀದಿಬೀದಿಗಳಲ್ಲಿ ತೋರಣ, ಔತಣ. ಆ ಸಂಭ್ರಮದ ನಡುವೆ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡವು ರಾಷ್ಟ್ರಗೀತೆಯ ಹೆಸರನ್ನೇ ಎತ್ತಿಕೊಂಡು, ರಾಣಿಯ ಆಳ್ವಿಕೆಯನ್ನು ಜರೆಯುವ ಹಾಡೊಂದನ್ನು ಮೇ ೨೭ರಂದು ಹೊರತಂದಿತು. ಬಿ.ಬಿ.ಸಿ. ಅದನ್ನು ಬಿತ್ತರಿಸಲಿಲ್ಲ; ದೊಡ್ಡ ಅಂಗಡಿಗಳು ಮಾರಲೊಲ್ಲವೆಂದವು. ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಹಾಡಿನ ಹೆಸರನ್ನು ಅಚ್ಚುಮಾಡಲು ಮನಸ್ಸೊಪ್ಪದೆ ಆ ಸ್ಥಾನವನ್ನು ಬರಿದಾಗಿ ಬಿಟ್ಟ ಪಟ್ಟಿಯೂ ಉಂಟು. ಜೂನ್ ೭ರಂದು ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ಹಾಡಹೋದಾಗ ಪೊಲೀಸರು ಕೆಲವರನ್ನು ಹಿಡಿದರು. ಅದೇ ತಿಂಗಳಲ್ಲಿ ತಂಡದ ಗಾಯಕರಾದ ಜಾನ್ ಲೈಡನ್ನರ ಮೇಲೆ ಬೀದಿಯಲ್ಲಿ ಬಿದ್ದು ಕತ್ತಿಯಿಂದ ಗಾಯಗೊಳಿಸಿದರು. ಹಾಡಿನ ಮಾತು ಒರಟಾದುದು, ನಿಜ. ಆದರೆ ರಕ್ತ ಸುರಿದದ್ದು ಯಾರ ಕೈಯಿಂದ?

ಇದಾದಮೇಲೆ ೧೯೮೬ರಲ್ಲಿ ಮ್ಯಾಂಚೆಸ್ಟರಿನ ಸ್ಮಿತ್ಸ್ ತಂಡವು ರಾಣಿಯು ಸತ್ತಳೆಂಬ ಅರ್ಥದ ಹೆಸರನ್ನೇ ತನ್ನ ಹಾಡುಗಳ ಸಂಪುಟಕ್ಕೆ ಇಟ್ಟಿತು. ಅದರ ಗಾಯಕರಾದ ಮಾರಿಸ್ಸಿಯವರು ಅರಸೊತ್ತಿಗೆಯ ಮೇಲಣ ಹಗೆಯನ್ನು ಎಂದೂ ಮರೆಮಾಡಿದವರಲ್ಲ. ಆಗ ರಾಣಿಯವರು ಗಟ್ಟಿಮುಟ್ಟಾಗಿ ಬದುಕಿದ್ದರು. ಮುಂದೆ ಮೂವತ್ತಾರು ವರ್ಷ ಬದುಕಿದರು. ಹಾಡಿನಿಂದ ಯಾರ ಆಯುಷ್ಯವೂ ಕ್ಷೀಣಿಸಿದಂತೆ ಕಾಣುವುದಿಲ್ಲ.

ಇನ್ನು ಅಳುವಿನ ಪ್ರಸಂಗಕ್ಕೆ ಬರಬೇಕು. ರಾಜಕುಮಾರಿ ಡಯಾನಾ ಅವರು ೧೯೯೭ರ ಆಗಸ್ಟ್ ೩೧ರಂದು ಪ್ಯಾರಿಸಿನ ಸುರಂಗಮಾರ್ಗದಲ್ಲಿ ಮೋಟಾರು ಅಪಘಾತದಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತಾರು ವರ್ಷ. ಎಳೆಯ ವಯಸ್ಸಿನ ಇಬ್ಬರು ಗಂಡುಮಕ್ಕಳು. ಇದಕ್ಕಿಂತ ಕರುಣವಾದುದು ಬೇರೇನು ಬೇಕು? ಆ ದಿನ ನೊಂದವರ ನೋವನ್ನು ಅಣಕಿಸುವುದು ಮನುಷ್ಯತ್ವವಲ್ಲ. ಆದರೆ ಮುಂದಿನ ಏಳು ದಿನಗಳಲ್ಲಿ ನಡೆದದ್ದು ನೋವು ಮಾತ್ರವಲ್ಲ. ಕೆನ್ಸಿಂಗ್ಟನ್ ಅರಮನೆಯ ಮುಂದೆ ಹೂವಿನ ರಾಶಿಯು ಎದೆಮಟ್ಟಕ್ಕೆ ಬೆಳೆದು, ತಳದ ಪದರವು ಕೊಳೆಯತೊಡಗಿತು. ಮೊಮ್ಮಕ್ಕಳೊಡನೆ ಬಾಲ್ಮೋರಲ್ಲಿನಲ್ಲಿ ಉಳಿದ ರಾಣಿಯವರನ್ನು ಪತ್ರಿಕೆಗಳು ತರಾಟೆಗೆ ತೆಗೆದುಕೊಂಡವು: ಎಲ್ಲಿ ನಿಮ್ಮ ಧ್ವಜ, ಎಲ್ಲಿ ನಿಮ್ಮ ಕಣ್ಣೀರು ಎಂದು. ರಾಣಿಯು ಇಲ್ಲದಾಗ ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಯಾವ ಧ್ವಜವೂ ಹಾರದಿರುವುದು ಅಂದಿನವರೆಗಿನ ಸಂಪ್ರದಾಯ. ಅದನ್ನು ಮುರಿದು ರಾಷ್ಟ್ರಧ್ವಜವನ್ನು ಅರ್ಧಕ್ಕಿಳಿಸಿ ಹಾರಿಸಬೇಕಾಯಿತು; ಸೆಪ್ಟೆಂಬರ್ ೫ರ ಸಂಜೆ ರಾಣಿಯವರೇ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಮಾತನಾಡಬೇಕಾಯಿತು. ಪ್ರಜೆಗಳು ಅರಸಿಗೆ ಅಳಲು ಅಪ್ಪಣೆ ಕೊಟ್ಟದ್ದು ಪ್ರಜಾಪ್ರಭುತ್ವದ ಜಯವೆಂದು ಕೆಲವರಿಗೆ ತೋರಬಹುದು. ಅದು ಜಯವಲ್ಲ. ಅಜ್ಜಿಯೊಬ್ಬಳು ಮೊಮ್ಮಕ್ಕಳ ಬಳಿ ಮೌನವಾಗಿರುವುದಕ್ಕೂ ಹಕ್ಕಿಲ್ಲವೆಂದಮೇಲೆ ಸಾಮಾನ್ಯನಿಗೆ ಯಾವ ಹಕ್ಕು ಉಳಿಯಿತು?

ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿಯೂ ಇದೆ. ಸಾರ್ಡೀನಿಯದಿಂದ ಬಂದಿದ್ದ ಪ್ರವಾಸಿಯೊಬ್ಬನು ಆ ರಾಶಿಯಿಂದ ಮಕ್ಕಳಾಟಿಕೆಯ ಕರಡಿಯೊಂದನ್ನು ತೆಗೆದುಕೊಂಡನೆಂದು ಅವನಿಗೆ ಏಳು ದಿನದ ಸೆರೆಮನೆಯನ್ನು ವಿಧಿಸಿದರು. ಆಮೇಲೆ ನೂರು ಪೌಂಡಿನ ದಂಡಕ್ಕೆ ಇಳಿಸಿದರು. ನ್ಯಾಯಾಲಯದಿಂದ ಹೊರಬಂದವನ ಮುಖಕ್ಕೆ ದಾರಿಹೋಕನೊಬ್ಬನು ಗುದ್ದಿದನು. ಕರುಣೆಯ ಹೆಸರಿನಲ್ಲಿ ನೆರೆದ ಜನಸ್ತೋಮದ ಕರುಣೆ ಇದು.

ಅದೇ ಸೆಪ್ಟೆಂಬರ್ ೫ರಂದು ಕಲ್ಕತ್ತೆಯಲ್ಲಿ ಮದರ್ ತೆರೇಸಾ ಅವರು ಕಾಲವಾದರು. ಆ ವಾರ ಲಂಡನ್ನಿನ ಪತ್ರಿಕೆಗಳಲ್ಲಿ ಅದಕ್ಕೆ ದೊರೆತ ಎಡೆಯನ್ನೂ ರಾಜಕುಮಾರಿಗೆ ದೊರೆತ ಎಡೆಯನ್ನೂ ಅಳೆದು ನೋಡಿದರೆ, ಅಳುವಿನ ಅಳತೆಗೋಲು ಯಾವುದೆಂದು ತಿಳಿಯುತ್ತದೆ.

ಈ ಸಂದರ್ಭದಲ್ಲಿ ಗಾಯಕನೂ ಹಳೆಯ ಉದ್ಯೋಗಕ್ಕೆ ಹಿಂದಿರುಗಿದನು. ಎಲ್ಟನ್ ಜಾನರು ೧೯೭೩ರಲ್ಲಿ ಹೊರಬಂದ ತಮ್ಮದೊಂದು ಹಾಡನ್ನು, ಬರ್ನೀ ಟಾಪಿನ್ನರಿಂದ ಮಾತು ಬದಲಿಸಿಸಿ, ಸೆಪ್ಟೆಂಬರ್ ೬ರಂದು ಅಬ್ಬೆಯಲ್ಲಿ ಹಾಡಿದರು. ಮೂಲದಲ್ಲಿ ಅದು ೧೯೬೨ರಲ್ಲಿ ಸತ್ತ ನಟಿ ಮರ್ಲಿನ್ ಮನ್ರೋ ಅವರನ್ನು ಕುರಿತದ್ದು. ಬದುಕಿದ್ದಾಗಲೂ ಸತ್ತಮೇಲೂ ಪತ್ರಿಕೆಗಳು ಆಕೆಯನ್ನು ಬೇಟೆಯಾಡಿದುವೆಂಬ ವ್ಯಥೆ ಅದರಲ್ಲಿತ್ತು. ಬದಲಾದ ಹಾಡಿನಲ್ಲಿ ಆ ಮುಳ್ಳು ಇಲ್ಲವಾಯಿತು. ಛಾಯಾಚಿತ್ರಗಾರರು ಬೆನ್ನಟ್ಟಿದ್ದ ಮೋಟಾರಿನಲ್ಲಿ ಸತ್ತವರ ಮುಂದೆ ಹಾಡಬೇಕಾಗಿದ್ದುದು ಆ ಮುಳ್ಳನ್ನಲ್ಲವೆ? ಚಾಲಕನ ಮತ್ತು ಬೆನ್ನಟ್ಟಿದ ವಾಹನಗಳ ಘೋರ ಅಜಾಗರೂಕತೆಯೇ ಸಾವಿಗೆ ಕಾರಣವೆಂದು ೨೦೦೮ರ ಏಪ್ರಿಲಿನಲ್ಲಿ ಪಂಚರು ತೀರ್ಪಿತ್ತರು. ಆ ಚಿತ್ರಗಳನ್ನು ಕಾಸು ಕೊಟ್ಟು ಕೊಂಡವರೇ ಹೂವನ್ನೂ ಕೊಂಡರು. ಹೊಸ ಹಾಡು ಮೂರು ಕೋಟಿ ಮೂವತ್ತು ಲಕ್ಷ ತಟ್ಟೆಗಳಷ್ಟು ಮಾರಾಟವಾಯಿತು. ಬಂದ ಹಣವು ರಾಜಕುಮಾರಿಯ ಸ್ಮಾರಕ ನಿಧಿಗೆ ಸೇರಿತು, ಅಷ್ಟರಮಟ್ಟಿಗೆ ಪುಣ್ಯ. ಮರುವರ್ಷ ಗಾಯಕರಿಗೆ ಸರ್ ಪದವಿ ಬಂದಿತು.

ಅಳುವ ನಾಡಿಗೆ ಎದುರಾಗಿ ಮಾತನಾಡುವುದು ಈಗಿನ ಗಾಯಕರು ಕಂಡುಹಿಡಿದ ಕುಚೋದ್ಯವೆಂದು ತಿಳಿದವರು ಶೆಲ್ಲಿ ಕವಿಯನ್ನು ನೆನೆಯಬೇಕು. ೧೮೧೭ರ ನವೆಂಬರ್ ೬ರಂದು ರಾಜಕುಮಾರಿ ಷಾರ್ಲಟ್ಟಳು ಹೆರಿಗೆಯಲ್ಲಿ ಮಡಿದಳು, ಇಪ್ಪತ್ತೊಂದರ ಹರೆಯ. ಇಡೀ ದೇಶವು ಕಪ್ಪು ಬಟ್ಟೆಯನ್ನು ಉಟ್ಟಿತು. ಮರುದಿನವೇ ಡರ್ಬಿಯಲ್ಲಿ ಬ್ರಾಂಡ್ರೆತ್, ಲಡ್ಲಮ್, ಟರ್ನರ್ ಎಂಬ ಮೂವರು ಬಡ ಕೆಲಸಗಾರರನ್ನು ರಾಜದ್ರೋಹಿಗಳೆಂದು ನೇಣಿಗೇರಿಸಿ ತಲೆ ಕತ್ತರಿಸಿದರು; ಅವರು ಸೇರಿದ್ದ ದಂಗೆಗೆ ಕುಮ್ಮಕ್ಕು ಕೊಟ್ಟವರಲ್ಲಿ ಸರ್ಕಾರದ ಗೂಢಚಾರನೂ ಒಬ್ಬನು. ಶೆಲ್ಲಿಯು ಒಂದೆರಡು ದಿನಗಳಲ್ಲಿ ಕಿರುಹೊತ್ತಗೆಯೊಂದನ್ನು ಬರೆದು, ರಾಜಕುಮಾರಿಯ ಸಾವನ್ನು ಅಲ್ಲಗಳೆಯದೆ, ಹಾಗೆಯೇ ಹೆರಿಗೆಯಲ್ಲಿ ಸಾಯುವ ಸಾವಿರಾರು ಬಡ ಹೆಂಗಸರಿಗೆ ಅಳುವವರು ಯಾರೆಂದು ಕೇಳಿದನು. ನಾಡು ನಿಜವಾಗಿ ಅಳಬೇಕಾದುದು ಸತ್ತುಹೋದ ಸ್ವಾತಂತ್ರ್ಯಕ್ಕಾಗಿ ಎಂದನು. ಆ ಪ್ರಶ್ನೆಯಿಂದ ಷಾರ್ಲಟ್ಟಳಿಗೆ ಯಾವ ಅವಮಾನವಾಯಿತು? ಕೊರಳಿಲ್ಲದ ಮೂವರಿಗೆ ಒಂದು ದನಿ ದೊರೆಯಿತು.

ದುಃಖದ ದಿನಗಳು ಕಳೆಯಲಿ, ಆಮೇಲೆ ಚರ್ಚೆ ಮಾಡಬಹುದೆಂದು ಸೌಮ್ಯರು ಹೇಳುತ್ತಾರೆ. ಬೇರೆ ಯಾರ ಮನೆಯ ಸಾವಿಗಾದರೂ ಈ ಮಾತು ಸಲ್ಲುತ್ತದೆ, ಸಿಂಹಾಸನಕ್ಕೆ ಸಲ್ಲದು. ಏಕೆಂದರೆ ಸಿಂಹಾಸನವು ದುಃಖದ ದಿನಗಳಲ್ಲಿ ಸುಮ್ಮನಿರುವುದಿಲ್ಲ. ಎಲಿಜಬೆತ್ ರಾಣಿಯವರು ೨೦೨೨ರ ಸೆಪ್ಟೆಂಬರ್ ೮ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಎಪ್ಪತ್ತು ವರ್ಷ ಆಳಿ ತೀರಿಕೊಂಡರು. ೧೦ನೆಯ ತಾರೀಖಿಗೆ ಚಾರ್ಲ್ಸರನ್ನು ಅರಸರೆಂದು ಸಾರಿಯಾಯಿತು. ರಾಣಿಯವರ ಅಂತ್ಯವಿಧಿ ನಡೆದದ್ದು ೧೯ಕ್ಕೆ. ಅಂದರೆ ಕೇಳಬಾರದೆಂದು ಕಟ್ಟಿದ ದಿನಗಳೊಳಗೆಯೇ, ಕೇಳಬೇಕಾದ ಕಾರ್ಯವು ಮುಗಿದುಹೋಯಿತು. ೧೧ರಂದು ಆಕ್ಸ್‌ಫರ್ಡಿನಲ್ಲಿ ಆ ಸಾರಿಕೆಯ ಹೊತ್ತಿಗೆ ಇವರನ್ನು ಆರಿಸಿದವರು ಯಾರೆಂದು ಕೂಗಿದ ಒಬ್ಬನನ್ನು ಪೊಲೀಸರು ಹಿಡಿದರು. ಎಡಿನ್‌ಬರೋದಲ್ಲಿ ಫಲಕ ಹಿಡಿದವರನ್ನೂ ಬಿಡಲಿಲ್ಲ. ಆಕ್ಸ್‌ಫರ್ಡಿನವನ ಮೇಲಣ ಆರೋಪವನ್ನು ಮುಂದೆ ಕೈಬಿಟ್ಟರು. ಬಿಟ್ಟರೇನು, ಪಟ್ಟವಾಗಿತ್ತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಶವಪೆಟ್ಟಿಗೆಯನ್ನು ನೋಡಲು ಸುಮಾರು ಎರಡೂವರೆ ಲಕ್ಷ ಜನರು ಹಗಲಿರುಳು ಸಾಲುನಿಂತರು. ಅವರ ಭಕ್ತಿಯಲ್ಲಿ ಹುಸಿಯಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಅಷ್ಟು ಜನರ ಭಕ್ತಿಯು ಒಬ್ಬನ ಒಂದು ಪ್ರಶ್ನೆಗೆ ಅಲುಗಾಡುವಂಥದೇ? ಅಲುಗಾಡದೆಂದರೆ ಪೊಲೀಸರೇಕೆ? ಪ್ರತಿವರ್ಷ ಲಂಡನ್ನಿನಲ್ಲಿ ನಡೆಯುವ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿಯನ್ನೂ ಆ ವರ್ಷ ನಿಲ್ಲಿಸಿಬಿಟ್ಟರು. ಪರ್ಸೆಲ್ಲನ ನಾಡಿನಲ್ಲಿ ಶೋಕಕ್ಕೆ ಸಂಗೀತವು ಅಡ್ಡಿಯೆಂದು ತೋರಿದ್ದು ಸೋಜಿಗ.

ಗಾಯಕರು ನಿರ್ಮಲರೆಂದು ಇಲ್ಲಿ ವಾದಿಸುತ್ತಿಲ್ಲ. ಅವರ ದಿಟ್ಟತನಕ್ಕೂ ಬೆಲೆಯ ಚೀಟಿಯುಂಟು. ೧೯೭೭ರಲ್ಲಿ ಬಹಿಷ್ಕೃತವಾದ ಹಾಡಿನ ತುಣುಕೊಂದು ೨೦೧೨ರಲ್ಲಿ ಲಂಡನ್ ಒಲಿಂಪಿಕ್ಸಿನ ಪ್ರಾರಂಭೋತ್ಸವದಲ್ಲಿ ಕೇಳಿಸಿತು. ೨೦೨೨ರ ಎಪ್ಪತ್ತನೆಯ ವರ್ಷದ ಉತ್ಸವಕ್ಕೆ ಸರಿಯಾಗಿ ಅದರ ತಟ್ಟೆಯನ್ನು ಮರಳಿ ಮಾರಾಟಕ್ಕಿಟ್ಟರು. ರಾಣಿಯವರು ತೀರಿಕೊಂಡಾಗ ಲೈಡನ್ನರು ಅವರ ಆತ್ಮಕ್ಕೆ ಶಾಂತಿಯನ್ನು ಕೋರಿದರು. ಆ ಸಾವಿನಿಂದ ಹಾಡಿನ ಹೆಸರಿನಲ್ಲಿ ಲಾಭ ಮಾಡಿಕೊಳ್ಳುವ ಯಾವ ಪ್ರಯತ್ನಕ್ಕೂ ತಾವು ಸೇರಿದವರಲ್ಲವೆಂದು ತಿಳಿಸಿದರು. ಪದವಿಯನ್ನು ಹಳಿದವನು ವ್ಯಕ್ತಿಗೆ ಕೈಮುಗಿಯಬಲ್ಲನು. ಪತ್ರಿಕೆಗಳಿಗೆ ಈ ಭೇದವು ತಿಳಿಯದು. ಒರಟು ಗಾಯಕನಿಗೆ ತಿಳಿದಿತ್ತು.

ಸತ್ತ ಎಮ್ಮೆಗೆ ಹಾಲು ಹೆಚ್ಚೆಂದು ಗಾದೆ. ಐರ್ಲೆಂಡಿನ ಗಾಯಕಿ ಷಿನೇಡ್ ಓಕಾನರ್ ಅವರು ೧೯೯೨ರ ಅಕ್ಟೋಬರ್ ೩ರಂದು ಅಮೆರಿಕೆಯ ಟೆಲಿವಿಷನ್ನಿನಲ್ಲಿ, ಮತದ ಮಠಗಳಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ಅತ್ಯಾಚಾರವನ್ನು ಪ್ರತಿಭಟಿಸಿ ಪೋಪರ ಚಿತ್ರವನ್ನು ಹರಿದರು. ಅರಸರಲ್ಲದಿದ್ದರೂ ಪೋಪರದೂ ಗದ್ದುಗೆಯೇ. ಎರಡು ವಾರವಾಗುವಷ್ಟರಲ್ಲಿ ನ್ಯೂಯಾರ್ಕಿನ ದೊಡ್ಡ ಸಭಾಂಗಣದಲ್ಲಿ ಆಕೆಯು ಹಾಡಲು ನಿಂತಾಗ ಜನರು ಕೂಗೆಬ್ಬಿಸಿ ಅಪಮಾನಗೊಳಿಸಿದರು. ಆಕೆ ಹೇಳಿದ ಅತ್ಯಾಚಾರವು ನಿಜವೆಂದು ವಿಚಾರಣಾ ಮಂಡಲಿಯು ಐರ್ಲೆಂಡಿನಲ್ಲಿ ೨೦೦೯ರಲ್ಲಿ ವರದಿಯಿತ್ತಿತು. ೨೦೨೩ರ ಜುಲೈ ೨೬ರಂದು ಆಕೆ ಐವತ್ತಾರನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಸಾಯಲು, ಹೊಗಳಿಕೆಯ ಮಳೆಯೇ ಸುರಿಯಿತು; ಆಗಸ್ಟ್ ೮ರ ಅಂತ್ಯವಿಧಿಗೆ ಐರ್ಲೆಂಡಿನ ರಾಷ್ಟ್ರಾಧ್ಯಕ್ಷರೇ ಬಂದರು, ಬ್ರೇ ಪಟ್ಟಣದ ಕಡಲದಂಡೆಯಲ್ಲಿ ಸಾವಿರಾರು ಜನರು ನಿಂತರು. ಬದುಕಿದ್ದಾಗ ಆಕೆಯ ಪಕ್ಕದಲ್ಲಿ ನಿಲ್ಲುವ ಧೈರ್ಯವಿಲ್ಲದವರು ಈಗ ಹೊಗಳಲು ಬಂದಿದ್ದಾರೆಂದು ಮಾರಿಸ್ಸಿಯವರು ಖಾರವಾಗಿ ಬರೆದರು. ಕಡಲದಂಡೆಯ ಜನರಿಗಲ್ಲದಿದ್ದರೂ ಪ್ರಶಸ್ತಿಪತ್ರ ಓದಿದ ದೊಡ್ಡವರಿಗೆ ಆ ಮಾತು ಸಲ್ಲುತ್ತದೆ. ೧೯೯೨ರ ಆ ರಾತ್ರಿ, ಸಭಾಂಗಣವು ಕೂಗುತ್ತಿರುವಾಗ, ವೇದಿಕೆಯ ಮೇಲೆ ಬಂದು ಆಕೆಯ ಹೆಗಲಿಗೆ ಕೈಯಿಟ್ಟು ಧೈರ್ಯ ಹೇಳಿದವರು ಕ್ರಿಸ್ ಕ್ರಿಸ್ಟಾಫರ್ಸನ್, ಅವರೂ ಗಾಯಕರು.